ಎಡಗೈಯೊಳಗಿನ ಗುಂಯ್ ಸದ್ದು

ನೀರು ಸದ್ದುಗದ್ದಲವಿಲ್ಲದೆ ಹರಿದರೆ ಒಳ್ಳೆಯದು ಎಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಕಲಬುರಗಿಯ ನಮ್ಮ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಒಂದು ಉದ್ದನೆಯ ಗಾಜಿನ ಕೊಳವೆ ಇದೆ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ ನೀರಿನ ನಡುವೆ ಕೆಂಪು ಬಣ್ಣ ಬಿಟ್ಟರೆ ಅದು ದಾರದ ಹಾಗೆ ನೆಟ್ಟಗೆ ಸಾಗುತ್ತದೆ. ಆಗ ನೀರು ಪದರ ಪದರವಾಗಿ, ಒಂದರ ಪಕ್ಕ ಒಂದು ಜಾರಿಕೊಂಡು ಹೋಗುತ್ತಿರುತ್ತದೆ. ಅದು ಲ್ಯಾಮಿನಾರ್. ನಲ್ಲಿ ಜೋರು ಮಾಡಿದರೆ ದಾರ ನಡುಗುತ್ತದೆ, ಕಡಿದುಹೋಗುತ್ತದೆ, ಸುಳಿಸುಳಿಯಾಗಿ ಇಡೀ ಕೊಳವೆ ಕೆಂಪಾಗುತ್ತದೆ. ಅದು ಟರ್ಬುಲೆಂಟ್. ‘ಈ ಸುಳಿಯೊಳಗ ಪಂಪಿನ ಶಕ್ತಿ ಸುಮ್ಮನ ಹಾಳಾಗ್ತದ ನೋಡ್ರಿ’ ಅನ್ನುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು.

ಆಮೇಲೆ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಮೂರು ಸಲ ರಕ್ತವನ್ನು ಡಯಾಲಿಸಿಸ್ ಯಂತ್ರಕ್ಕೆ ಕೊಟ್ಟು ತೊಳೆಸಿಕೊಳ್ಳಬೇಕಾಯಿತು. ಅದಕ್ಕೆಂದು ಡಾಕ್ಟರು ಎಡಗೈ ಮಣಿಕಟ್ಟಿನ ಹತ್ತಿರ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಹೊಲಿದರು. ಫಿಸ್ಟುಲಾ ಅನ್ನುತ್ತಾರೆ. ಅಭಿಧಮನಿಯಲ್ಲಿ ರಕ್ತ ಯಾರಿಗೂ ತಿಳಿಯದಂತೆ ಹೋಗುತ್ತದೆ. ಆದರೆ ಈ ಜೋಡಣೆಯಲ್ಲಿ ಅಪಧಮನಿಯ ರಭಸವೆಲ್ಲ ಒಮ್ಮೆಲೇ ನುಗ್ಗಿ, ಗೋಡೆಗೆ ಬಡಿದು, ಸುಳಿ ಸುತ್ತುತ್ತದೆ. ಬೆರಳಿಟ್ಟರೆ ಚರ್ಮದ ಕೆಳಗೆ ಗುಂಯ್ ಎಂದು ನಡುಗುವುದು ತಿಳಿಯುತ್ತದೆ.

“ಮೇಡಂ, ದಿನಾ ಬೆಳಿಗ್ಗಿ ಬೆರಳಿಟ್ಟು ನೋಡ್ಕೋರಿ. ಗುಂಯ್ ಅಂದ್ರ ಛಲೋ. ಸುಮ್ಮನಾತಂದ್ರ ಓಡಿ ಬರ್ರಿ,” ಅಂದರು ಡಾಕ್ಟರು. ಆ ಕೈಯಲ್ಲಿ ಭಾರ ಎತ್ತಬಾರದು, ಅದರ ಮೇಲೆ ಮಲಗಬಾರದು, ಏನನ್ನೂ ಬಿಗಿಯಬಾರದು. ಬಿಗಿದರೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹಾಳು ಎಂದು ನಾನು ಪಾಠ ಮಾಡಿದ ಸುಳಿಯೇ ನನ್ನ ಕೈಯಲ್ಲಿ ಕುಳಿತು ನನ್ನನ್ನು ಬದುಕಿಸುತ್ತಿತ್ತು. ಕಲಬುರಗಿಯಲ್ಲೇ ಗಾಜಿಪುರದ ನಮ್ಮ ಮನೆಯಲ್ಲಿ ಎದ್ದ ಕೂಡಲೇ, ಹಲ್ಲುಜ್ಜುವುದಕ್ಕೂ ಮುಂಚೆ, ಆ ಕೈಯನ್ನು ಕಿವಿಗೆ ಹಿಡಿದು ಕೇಳುತ್ತಿದ್ದೆ.

ನನ್ನ ನಾದಿನಿಯ ಕುಬಸ ಕಮಲಾಪುರದಲ್ಲಿ, ಅತ್ತೆಯ ಮನೆಯಲ್ಲಿ ನಡೆಯಿತು. ಬಸುರಿಗೆ ಹಸಿರು ಸೀರೆ ಉಡಿಸಿ ಬಳೆ ಇಡಿಸುವ ಕಾರ್ಯ. ಬಂದ ಮುತ್ತೈದೆಯರೆಲ್ಲ ಬಳೆ ಇಡಿಸಿಕೊಳ್ಳಬೇಕು. ನನ್ನ ಉಡಿಗೆ ಊರಿನ ಕೆಂಪು ಬಾಳೆಹಣ್ಣು ಹಾಕಿದರು. ಕೆಟ್ಟ ಕಿಡ್ನಿಗೆ ಅದರ ಪೊಟ್ಯಾಸಿಯಂ ಆಗದು, ಡಾಕ್ಟರು ನನಗೆ ಬಾಳೆಹಣ್ಣು ಮುಟ್ಟಲೇಬೇಡಿ ಅಂದದ್ದು ಆ ಮನೆಯ ಎಲ್ಲರಿಗೂ ಗೊತ್ತಿತ್ತು. ಇರಲಿ, ಹಣ್ಣನ್ನು ತಿನ್ನದೆ ಬಿಡಬಹುದು. ಬಲಗೈಗೆ ಬಳೆ ಇಡಿಸಿಕೊಂಡು ಎದ್ದೆ. ಅತ್ತೆ ಸೆರಗು ಹಿಡಿದು ಕೂರಿಸಿದರು.

“ಒಂದ ಕೈ ಬರಿದ ಇಟ್ಕೊಂಡು ಏಳ್ತಾರೇನವ್ವಾ? ಹೆರೋ ಹುಡುಗಿಗಿ ಛಲೋ ಅಲ್ಲ.”

“ಅತ್ತೀ, ಈ ಕೈ ಬಿಗೀಬಾರದ್ರೀ. ನೀವ ಮುಟ್ಟಿ ನೋಡ್ರಿ.” ಅವರ ಬೆರಳು ಹಿಡಿದು ನನ್ನ ಮಣಿಕಟ್ಟಿನ ಮೇಲಿಟ್ಟೆ. ಅವರು ಕೈ ಜಗ್ಗಿಕೊಂಡರು.

“ಅಯ್ಯ, ಬೆಕ್ಕು ಗುರುಗುಟ್ಟಿದಂಗ ಅನ್ಲಕತ್ತದ! ಆದ್ರ ಬಳಿ ಇಟ್ರ ಏನಾಗ್ತದ? ಸಡ್ಲ ಇಡಸ್ತೀವಿ.”

ಗಂಡನ ಮುಖ ನೋಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ನನ್ನ ಜೊತೆಗೇ ಕೂತು ಕೇಳಿದವರು. “ಒಂದ ದಿನದ ಮಾತು. ನೀ ನೋಡು, ಹೆಂಗ ತಿಳೀತದ ಹಂಗ,” ಅಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನ ಗಂಡನನ್ನು ಮೀರಿಸಿದವರಿಲ್ಲ. ಅಷ್ಟರಲ್ಲಿ ನಾದಿನಿ ಕಣ್ಣಲ್ಲಿ ನೀರು ತಂದುಕೊಂಡು, “ಇಡ್ಸಕೊ ವೈನಿ,” ಅಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುವವಳಿಗೆ ಯಾರು ಇಲ್ಲ ಅಂದಾರು?

ಕಲಬುರಗಿಯ ಮೋಮಿನಪುರದಿಂದ ಬಂದಿದ್ದ ಬಳೆಗಾರ್ತಿ ನನ್ನ ಕೈ ಹಿಸುಕಿ, ಸಾಬೂನು ಹಚ್ಚಿ, ಡಜನ್ ಹಸಿರು ಬಳೆ ಏರಿಸಿದಳು. “ಬರೋಬರಿ ಕುಂತಾವ ನೋಡ್ರಿ ಅಮ್ಮಾ, ಜರಾನೂ ಢೀಲಾ ಇಲ್ಲ,” ಎಂದು, ಸಡಿಲವಿಲ್ಲದ್ದನ್ನೇ ಹೆಮ್ಮೆಯಿಂದ ಹೇಳಿದಳು. ಅವಳ ಕಸುಬು ಅದು, ಅವಳ ಮೇಲೆ ನನಗೆ ಸಿಟ್ಟಿಲ್ಲ.

ಕಿಡ್ನಿ ಕೆಟ್ಟವರ ಮೈಯಲ್ಲಿ ನೀರು ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಕೈ ಬಾತು ಬಳೆಗಳು ಚರ್ಮದೊಳಗೆ ಕೂತವು. ಜಗ್ಗಿದರೆ ಬರಲಿಲ್ಲ, ಎಣ್ಣೆ ಹಚ್ಚಿದರೂ ಬರಲಿಲ್ಲ. “ಒಡೀತೀನ್ರೀ ಅತ್ತೀ,” ಅಂದೆ. ಮನೆ ತುಂಬ ಇದ್ದ ಹೆಂಗಸರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು.

“ಬಾಯಿ ಮುಚ್ಚವ್ವಾ! ದೀಪ ಹಚ್ಚೋ ಹೊತ್ತಿನ್ಯಾಗ ಬಳಿ ಒಡೀತಾಳಂತ! ನನ್ನ ಮಗ ಗಟ್ಟಿಮುಟ್ಟ ಅದಾನ. ಬೆಳಗಾಗ್ಲಿ, ಕೈ ಇಳೀತದ,” ಅಂದರು ಅತ್ತೆ.

ಕೈಗೆ ಸಿಕ್ಕ ಕುಟ್ಟಾಣಿಯನ್ನು ನಾನು ಎತ್ತಿಯೇ ಬಿಟ್ಟಿದ್ದೆ. ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡವರು ನನ್ನ ಗಂಡ. ತೆಗೆದುಕೊಂಡು ಹೋಗಿ ಅಟ್ಟದ ಮೇಲಿಟ್ಟರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಅಲ್ಲಿ ಚೆಲ್ಲಾಟ ಆಡುವವರು ಯಾರೂ ಇರಲಿಲ್ಲ. ಎಲ್ಲರೂ ನಿಜವಾಗಿಯೇ ಹೆದರಿದ್ದರು, ಆ ಮನೆಯ ಮಗನಿಗೆ ಏನಾದೀತೋ ಎಂದು. ನನಗೆ ಏನಾದೀತು ಎಂದು ಹೆದರಿದವರು ಒಬ್ಬರೂ ಇರಲಿಲ್ಲ, ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಬೆಳಿಗ್ಗೆ ಎದ್ದು ಬೆರಳಿಟ್ಟೆ. ಏನೂ ಇರಲಿಲ್ಲ. ಕಿವಿಗೆ ಹಿಡಿದೆ. ಹೊರಗೆ ಪಾತ್ರೆ ತೊಳೆಯುವ ಸದ್ದು ಕೇಳಿಸಿತು, ಕೈಯೊಳಗಿನದು ಕೇಳಿಸಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸು ಒಂದು ಮಾತೂ ಕೇಳದೆ ಬಳೆಗಳನ್ನು ಒಡೆದು ತೆಗೆದಳು. ಜೊತೆಗೆ ಬಂದಿದ್ದ ಅತ್ತೆ ಗೋಡೆಯ ಕಡೆ ಮುಖ ಮಾಡಿ, ಮಗನ ಹೆಸರು ಹಿಡಿದು ದೇವರಿಗೆ ಕೈಮುಗಿಯುತ್ತಿದ್ದರು. ಡಾಕ್ಟರು ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು, ನನ್ನ ಮುಖ ನೋಡಲಿಲ್ಲ. ಒಳಗೆ ಹೆಪ್ಪುಗಟ್ಟಿತ್ತು. ತೆಗೆಯಲು ನೋಡಿದರು, ಆಗಲಿಲ್ಲ. ಸದ್ಯಕ್ಕೆ ರಕ್ತ ತೊಳೆಯಲು ಕುತ್ತಿಗೆಗೆ ನಳಿಗೆ ಹಾಕಿ, ಮುಂದೆ ಬಲಗೈಗೆ ಹೊಸ ಫಿಸ್ಟುಲಾ ಮಾಡಿದರು. ಇನ್ನು ಬಲಗೈಯೂ ಹೋದರೆ? ಕೈ ಇರುವುದು ಎರಡೇ.

ಬಲಗೈಯ ಗಾಯ ಮಾಗುವ ಹೊತ್ತಿಗೆ ಅತ್ತೆ ಮತ್ತೆ ಗಾಜಿಪುರದ ಮನೆಗೆ ಬಂದರು. ಬಂದವರೇ ಚೀಲದಿಂದ ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಹಸಿರು ಬಳೆ.

“ಎಡಗೈ ಈಗ ಖಾಲಿ ಆತಲ್ಲವ್ವಾ. ಇನ್ನ ಆ ಕೈಗಿ ಏನೂ ಅಡಚಣಿ ಇಲ್ಲಲ್ಲ?”

ಗಂಡನ ಕಡೆ ನೋಡಿದೆ. ಅವರು ಯೋಚಿಸುವವರಂತೆ ತಲೆ ಆಡಿಸಿ, “ಅದೂ ಖರೇನ ಅದ,” ಅಂದರು. ಮದುವೆಯಾದಾಗಿನಿಂದ ಅವರ ಬಾಯಿಂದ ನಾನು ಕೇಳಿದ ಮೊದಲ ಖಡಾಖಂಡಿತ ಮಾತು ಅದು.

“ಇಲ್ಲರೀ ಅತ್ತೀ, ಸತ್ತದ್ದಕ್ಕ ಏನ್ ಅಡಚಣಿ?” ಎಂದು ಎಡಗೈ ಚಾಚಿದೆ.

ಅತ್ತೆ ಒಂದೊಂದೇ ಬಳೆ ಏರಿಸಿದರು. ಬಿಗಿಯಾಗಿಯೇ ಕೂತವು. ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿ, ಕಣ್ಣಿಗೊತ್ತಿಕೊಂಡು, “ಈಗ ನೋಡು, ಕೈ ಕೈಯಂಗ ಕಾಣ್ತದ,” ಅಂದರು.