ಬೇಲಿಯಾಚೆಯ ಮರಿಗಳು

ಮೋಟಾರ್ ಸೈಕಲ್ ಕಲಿಯಲಾರಂಭಿಸಿ ಎಂಟು ದಿನವಾಗಿತ್ತು. ಹಿರಿಯೂರು ದಾಟಿದ ಮೇಲೆ ಅಣ್ಣ ಹಿಂದೆ ಕುಳಿತು, ಗಾಡಿಯನ್ನು ನನಗೆ ಬಿಟ್ಟುಕೊಟ್ಟ. ಮುಂದೆ ಕುರಿಹಿಂಡೊಂದು ರಸ್ತೆ ದಾಟಿ ಮುಗಿಸಿದಂತೆ ಕಂಡಿತು. ಹಾರನ್ ಒತ್ತಿ ವೇಗ ಹೆಚ್ಚಿಸಿದೆ. ಕುರಿಗಾಹಿ ಓಡಿಬಂದು ಕೋಲನ್ನು ಅಡ್ಡ ಹಿಡಿದ.

“ನಿಲ್ರಿ ಅಮ್ಮಾರೆ! ತಾಯಿಗಳು ಅತ್ಲಾಗೆ ಅವೆ, ಮರಿಗಳಿನ್ನೂ ಇತ್ಲಾಗೆ ಅವೆ!”

ಬ್ರೇಕ್ ಒತ್ತಿ ನಿಂತೆ. ಮರುಕ್ಷಣವೇ ಕತ್ತಾಳೆ ಬೇಲಿಯಿಂದ ಏಳೆಂಟು ಮರಿಗಳು ಮುಂದಿನ ಚಕ್ರಕ್ಕೆ ತಾಗುವಷ್ಟು ಹತ್ತಿರ ನೆಗೆದು, ತಾಯಂದಿರತ್ತ ಓಡಿದವು.

“ನಿಮ್ಮ ಗಾಡಿಗೆ ಬಾಯಿ ಬಲು ಜೋರೈತೆ, ಕಣ್ಣೇ ಇಲ್ಲ ನೋಡ್ರಿ,” ಎಂದು ಆತ ನಕ್ಕ.

ಕೈಮುಗಿದು ಹೊರಡಲು ಅನುವಾದೆ. ಆತ ಕೋಲು ತೆಗೆಯಲಿಲ್ಲ.

“ತಡೀರಿ, ಕುಂಟಮರಿ ಒಂದು ಬರಬೇಕು.”

ಇಂಜಿನ್ ಆರಿಸಿ, ಬೇಲಿಯನ್ನೇ ನೋಡುತ್ತ ಕಾದೆ.