ಗೌರಿಗೆಂದು ಹಿಡಿದ ಸೀಟು

ಮೊದಲ ದಿನವೇ ನನಗೆ ದಿಗಿಲಾಯಿತು. ಬಂಗಾರಪೇಟೆಯಲ್ಲಿ ರೈಲು ಹತ್ತಿದ ಆರು ಹುಡುಗಿಯರು ನನ್ನ ಸುತ್ತ ಕೂತರು. ಒಬ್ಬರೂ ತುಟಿ ಬಿಚ್ಚಲಿಲ್ಲ, ಆದರೂ ಎಲ್ಲರೂ ಒಟ್ಟಿಗೆ ಕಿಸಕ್ಕನೆ ನಕ್ಕರು. ನನ್ನನ್ನೇ ನೋಡಿ ನಕ್ಕರೆಂದು ಕೂದಲು ಸರಿಮಾಡಿಕೊಂಡೆ. ಆಮೇಲೆ ತಿಳಿಯಿತು, ಅವರ ಹರಟೆಯೆಲ್ಲ ಮೊಬೈಲ್ ಗುಂಪಿನಲ್ಲಿ ನಡೆದಿತ್ತು.

ನಮ್ಮ ಗದಗಿನ ಬಸ್ಸಿನಲ್ಲಿ ಪಕ್ಕದವಳು ಇಳಿಯುವಷ್ಟರಲ್ಲಿ ಅವಳ ನಾದಿನಿಯ ಹೆರಿಗೆಯ ಸುದ್ದಿಯೂ ಗೊತ್ತಾಗಿರುತ್ತದೆ. ಇಲ್ಲಿ, ವೈಟ್‌ಫೀಲ್ಡಿನ ಕನ್ನಡಕದಂಗಡಿಯಲ್ಲಿ ಕೆಲಸ ಸಿಕ್ಕಿ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ಕೋಣೆ ಹಿಡಿದ ನನಗೆ ಮಾತಿಗೆ ಜನವೇ ಇರಲಿಲ್ಲ. ಆ ಆರು ಜನರಲ್ಲಿ ಒಬ್ಬಳಾದ ಕಾಮಸಮುದ್ರದ ಕಡೆಯ ಗೌರಿ ನನ್ನನ್ನೂ ಗುಂಪಿಗೆ ಸೇರಿಸಿದಳು. ನಾನು ಬಂಗಾರಪೇಟೆಗೂ ಮೊದಲು, ಕೆ.ಜಿ.ಎಫ್.ನಲ್ಲೇ ಹತ್ತುವವಳು. ಹಾಗಾಗಿ ದುಪಟ್ಟಾ ಹಾಸಿ ಅವಳಿಗೆ ಸೀಟು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಮೆಸೇಜಿನ ಉಪಕಾರ ಮರೆಯಲಾರೆ. ನನ್ನ ‘ಹೌದ್ರೀ’ ಕೇಳಿ ನಗುತ್ತಿದ್ದವರು ನಾನು ಬರೆದದ್ದಕ್ಕೆ ನಗಲಿಲ್ಲ. ತಮಿಳಿನ ‘ವಂದಾಚ್ಚು’ ಎಂದರೆ ಬಂದಾಯಿತು, ತೆಲುಗಿನ ‘ಒಸ್ತಾ’ ಎಂದರೆ ಬರುತ್ತೇನೆ ಎಂದು ಅಲ್ಲೇ ಕಲಿತೆ.

ಒಂದು ದಿನ ಗೌರಿಯ ಮೆಸೇಜು ಬಂತು: ‘ಅಮ್ಮನಿಗೆ ಆಪರೇಷನ್. ನಾಳೆ ಬರಲ್ಲ.’ ಸೀಟು ಬೇಡ ತಾನೇ ಎಂದು, ದಿನದಂತೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದೆ. ವಾರದ ಮೇಲೆ ಅವಳು ಬಂದಳು, ಆದರೆ ಬೇರೆ ಬೋಗಿ ಹತ್ತಿದಳು. ಹಾಸಿದ ದುಪಟ್ಟಾ ಹಾಗೇ ಉಳಿಯಿತು, ನಿಂತವರು ಬೈದರು. ‘ಸಾರಿ’ ಎಂದು ಏಳು ಸಲ ಬರೆದೆ. ಓದಿದಳು, ಉತ್ತರ ಕೊಡಲಿಲ್ಲ. ಈ ಊರಲ್ಲಿ ನನಗೆ ಇದ್ದವಳು ಅವಳೊಬ್ಬಳೇ. ಅತ್ತುಬಿಟ್ಟೆ.

ಭಾನುವಾರ ಬಸ್ಸು ಹಿಡಿದು ಅವಳ ಹಳ್ಳಿಗೇ ಹೋದೆ. ಹೊಸ್ತಿಲಲ್ಲೇ ಶುರುಮಾಡಿದೆ: “ತಪ್ಪಾತವಾ ಗೌರಿ! ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತೋ ನಂದು! ಅವ್ವ ಹ್ಯಾಂಗದಾರ ಅಂತ ಕೇಳೂದು ಬಿಟ್ಟು ಬೆರಳು ತೋರಿಸಿದೆ!”

ಗೌರಿ ಮುಖ ಸಡಿಲಿಸಲಿಲ್ಲ. “ಅವತ್ತೇ ಇಂಗೆ ಒಂದು ಮಾತು ಕೇಳಿದ್ರೆ ನಿನ್ ಗಂಟೇನೇ ಓಗ್ತಿತ್ತು?”

ಹಾಸಿಗೆಯಲ್ಲಿದ್ದ ಅವಳ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಗಿಸ್ಬೇಡಮ್ಮ, ಒಲಿಗೆ ಬಿಚ್ಕೊಂತದೆ! ಇನ್ನೊಂದ್ ಕಿತ ಮಾತಾಡು, ಕೇಳಾನ.” ಗೌರಿಯೂ ನಕ್ಕಳು.

ಸೋಮವಾರ ಅವಳು ನನ್ನ ಪಕ್ಕಕ್ಕೇ ಬಂದಳು. ಈಗ ನಮ್ಮ ಬೋಗಿಯಲ್ಲಿ ಸೀಟಿನ ಸುದ್ದಿಗೆ ಮೆಸೇಜು, ಸುಖದುಃಖಕ್ಕೆ ಬಾಯಿ. ನಮ್ಮ ಗದ್ದಲಕ್ಕೆ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಗೆದ್ದೆ ಅನ್ನಿಸುತ್ತದೆ ನನಗೆ!

ಮೊನ್ನೆ ಮನೆಯವರ ಗುಂಪಿಗೆ, ಜೋಕಾಲಿ ಕಟ್ಟುವ ಪಂಚಮಿಗೆ ರಜೆಯಿಲ್ಲ, ಬರುವುದಿಲ್ಲ ಎಂದು ಬರೆದೆ. ತಮ್ಮನಿಂದ ಒಂದು ಹೆಬ್ಬೆರಳು ಬಂತು, ಅಷ್ಟೇ. ಮತ್ತೆ ಮತ್ತೆ ಅದನ್ನೇ ನೋಡುತ್ತ ಕೂತೆ. ಪಕ್ಕದಲ್ಲಿದ್ದ ಗೌರಿ ನನ್ನ ಫೋನು ಕಸಿದು, ಅವ್ವನ ನಂಬರು ಒತ್ತಿ ಕೈಗಿಟ್ಟಳು. “ಮಾತಾಡೇ.”

“ಅವ್ವಾ, ನಾನು ಕಣವ್ವಾ. ಚೆನ್ನಾಗಿದ್ದೀಯಾ?”

ಆ ಕಡೆಯಿಂದ ಅವ್ವನ ದನಿ ಬಂತು.

“ಯಾರವಾ ನೀ? ಸ್ವಲ್ಪ ನನ್ನ ಮಗಳ ಕೈಯಾಗ ಫೋನ್ ಕೊಡು.”