ನಾಲ್ಕನೆಯ ಷರತ್ತು

ಕೋವಿಡ್ ಇಳಿದ ಮೇಲಿನ ಎರಡನೆಯ ಚಳಿಗಾಲ. ಆಗ ನಾನು ಲಂಡನ್ನಿನ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಹಿರಿಯ ಸಂಶೋಧಕನಾಗಿದ್ದೆ. ಯಂತ್ರಗಳ ಒಳಗಿನ ಸಾಫ್ಟ್‌ವೇರ್ ನಂಬಲು ಯೋಗ್ಯವೇ ಎಂದು ಗಣಿತದಿಂದ ಸಾಧಿಸಿ ತೋರಿಸುವುದು ನನ್ನ ಕೆಲಸ. ಸಾಫ್ಟ್‌ವೇರನ್ನು ಸಾವಿರ ಸಲ ಓಡಿಸಿ ನೋಡಿದರೆ ಅದು ಟೆಸ್ಟಿಂಗ್. ಎಷ್ಟು ಸಲ ಓಡಿಸಿದರೂ ತಪ್ಪಾಗದು ಎಂದು, ಶಾಲೆಯಲ್ಲಿ ಪ್ರಮೇಯ ಸಾಧಿಸಿದ ಹಾಗೆ ಸಾಧಿಸಿದರೆ ಅದು ವೆರಿಫಿಕೇಷನ್. ಟೆಸ್ಟಿಂಗ್ ಮಾಡುವವರನ್ನು ಕಂಡರೆ ನಮಗೆ ಸ್ವಲ್ಪ ತಾತ್ಸಾರವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಏಳು ವರ್ಷ ನಾನು ಮತ್ತು ಇಬ್ಬರು ಕಿರಿಯ ಸಂಶೋಧಕರು ಒಂದೇ ಯಂತ್ರದ ಬೆನ್ನು ಬಿದ್ದಿದ್ದೆವು. ಅದು ಇನ್‌ಫ್ಯೂಷನ್ ಪಂಪ್. ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ಗಂಟೆಗೆ ಇಂತಿಷ್ಟು ಮಿಲಿಲೀಟರ್ ಎಂದು ಔಷಧ ಇಳಿಸುವ ಪೆಟ್ಟಿಗೆ. ನರ್ಸ್ ಒತ್ತಿದ ಸಂಖ್ಯೆಗೂ ಪಂಪ್ ತೆಗೆದುಕೊಳ್ಳುವ ಸಂಖ್ಯೆಗೂ ಎಂದೂ ವ್ಯತ್ಯಾಸ ಬಾರದು ಎಂದು ನಾವು ಸಾಧಿಸಿದೆವು. ಪಂಪ್ ತಯಾರಿಸುವ ಕಂಪನಿ ನಮ್ಮ ವರದಿಯನ್ನು ಹೆಮ್ಮೆಯಿಂದ ಎಲ್ಲೆಡೆ ತೋರಿಸಿತು. ನಾವೂ ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಜನವರಿಯ ಒಂದು ಭಾನುವಾರ ಕಿಂಗ್ಸ್‌ಬರಿಯ ನಮ್ಮ ಮನೆಗೆ ಲೀನಾ ಬಂದರು. ಉಡುಪಿ ಕಡೆಯ ಕ್ರೈಸ್ತ ಕುಟುಂಬದವರು. ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನನ್ನ ಹೆಂಡತಿ ಸುಧಾಳ ವಾರ್ಡಿನಲ್ಲಿ ಹಿಂದೆ ನರ್ಸ್ ಆಗಿದ್ದವರು, ಈಗ ಬೇರೆ ಆಸ್ಪತ್ರೆಯಲ್ಲಿದ್ದರು. ಗಂಡ, ಮಗಳೊಂದಿಗೆ ಕೊಲಿಂಡೇಲಿನ ಬಾಡಿಗೆ ಫ್ಲಾಟಿನಲ್ಲಿ ವಾಸ. ಕೋಟು ಕೂಡ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತರು.

"ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ ಸರ್," ಎಂದರು.

ಮೂರು ವಾರದ ಹಿಂದೆ, ಮಧ್ಯಾಹ್ನದ ಪಾಳಿಯಲ್ಲಿ, ಆಪರೇಷನ್ ಆಗಿದ್ದ ಒಬ್ಬ ಮುದುಕರಿಗೆ ನೋವಿನ ಔಷಧ ಹಾಕಬೇಕಿತ್ತು. ಗಂಟೆಗೆ 7.5 ಮಿಲಿಲೀಟರ್. ಹೋದದ್ದು 75ರ ವೇಗದಲ್ಲಿ. ಅವರ ಉಸಿರು ನಿಲ್ಲುವ ಹಂತಕ್ಕೆ ಬಂದು, ಐಸಿಯುನಲ್ಲಿ ಒಂಬತ್ತು ದಿನ ಇಟ್ಟು ಉಳಿಸಿಕೊಂಡಿದ್ದರು. ಪಂಪಿನ ಲಾಗ್, ಅಂದರೆ ಅದು ತಾನೇ ಬರೆದಿಟ್ಟುಕೊಳ್ಳುವ ದಿನಚರಿ, ಏಳು, ಐದು ಎಂದಷ್ಟೇ ಹೇಳುತ್ತಿತ್ತು. ಚುಕ್ಕಿ ಇರಲಿಲ್ಲ. ಆಸ್ಪತ್ರೆಯ ವಿಚಾರಣೆಯಲ್ಲಿ ಸೋತರೆ ಲೀನಾ ಅವರ ಕೆಲಸ ಹೋಗುತ್ತಿತ್ತು, ನರ್ಸಿಂಗ್ ರಿಜಿಸ್ಟ್ರೇಷನ್ ಹೋಗುತ್ತಿತ್ತು, ಆ ಕೆಲಸದ ಮೇಲೆ ನಿಂತಿದ್ದ ಇಡೀ ಮನೆಯವರ ವೀಸಾ ಕೂಡ.

"ಚುಕ್ಕಿ ಒತ್ತಿದ್ದೇನೆ ಸರ್. ಸ್ಟಾರ್ಟ್ ಒತ್ತುವಾಗ ಪಕ್ಕದ ಬೆಡ್ಡಿನವರು ಕರೆದ್ರು, ಸ್ಕ್ರೀನ್ ಸರಿಯಾಗಿ ನೋಡ್ಲಿಲ್ಲ. ಅದು ನನ್ನದೇ ತಪ್ಪು, ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ಚುಕ್ಕಿ ಒತ್ತಿದ್ದೇನೆ."

ಆಮೇಲೆ ಬ್ಯಾಗಿನಿಂದ ಒಂದು ವರದಿಯ ಪ್ರತಿ ತೆಗೆದು ನನ್ನ ಮುಂದಿಟ್ಟರು. ಯಂತ್ರದಲ್ಲಿ ದೋಷ ಇರಲು ಸಾಧ್ಯವೇ ಇಲ್ಲ ಎನ್ನಲು ಆಸ್ಪತ್ರೆ ಕೊಟ್ಟ ಆಧಾರ ಅದು. "ಇದ್ರಲ್ಲಿ ನಿಮ್ಮ ಹೆಸರುಂಟಲ್ಲ ಸರ್?"

ಇತ್ತು. ಎಲ್ಲಕ್ಕಿಂತ ಮೇಲೆ. ಸುಧಾ ನನ್ನ ಕಡೆ ತಿರುಗಿ, "ಇದು ನೀವ ಮಾಡಿದ್ದಲ್ಲೇನ್ರಿ?" ಎಂದಳು. ನನಗೆ ಮೊದಲು ಬಂದದ್ದು ಮರುಕವಲ್ಲ, ಸಿಟ್ಟು. ಪಾಪ, ತಪ್ಪು ಮಾಡಿ ಹೆದರಿದ್ದಾಳೆ, ಅದಕ್ಕೆ ಗಣಿತವನ್ನು ಅನುಮಾನಿಸುತ್ತಿದ್ದಾಳೆ ಎಂದುಕೊಂಡೆ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಸಮಾಧಾನಕ್ಕೆಂದು ಅವರನ್ನು ಮುಂದಿನ ಶನಿವಾರ ಲ್ಯಾಬಿಗೆ ಕರೆದೆ. ಅದೇ ಮಾಡೆಲಿನ ಪಂಪ್ ಅಲ್ಲಿತ್ತು. ಲೀನಾ ನಲವತ್ತು ಸಲ 7.5 ಒತ್ತಿದರು. ಪ್ರತಿ ಗುಂಡಿಗೂ ಪಂಪ್ ಬೀಪ್ ಎಂದಿತು. ನಲವತ್ತು ಸಲವೂ 7.5 ಬಂತು. ನಾನು ಪೆನ್ನಿನ ಕ್ಯಾಪ್ ಹಾಕಿದೆ.

"ನೀವು ವಾರ್ಡಿನ್ಯಾಗೂ ಹಿಂಗ ನಿಧಾನ ಒತ್ತತೀರೇನ್ರಿ?" ಎಂದು ಸುಮ್ಮನೆ ಕೇಳಿದೆ.

"ಇಲ್ಲ ಸರ್, ಇದು ಬೀಪ್ ಬೀಪ್ ಅಂತ ಕಿರುಚ್ತದಲ್ಲ, ಕೈ ತನ್ನಷ್ಟಕ್ಕೆ ನಿಲ್ತದೆ. ನಮ್ಮ ವಾರ್ಡಲ್ಲಿ ಸೌಂಡ್ ಬಂದ್ ಮಾಡಿಯೇ ಇಡುವುದು. ಆ ಅಜ್ಜ ಎರಡು ದಿನ ಮಲಗಿರ್ಲಿಲ್ಲ. ಶಬ್ದ ಆಫ್ ಮಾಡಮ್ಮ ಅಂತ ಕೈ ಮುಗಿದಿದ್ರು." ಆಮೇಲೆ ನನ್ನ ಮುಖ ನೋಡಿ, "ಸರ್, ನೀವು ಯಾವತ್ತಾದ್ರೂ ವಾರ್ಡಿಗೆ ಬಂದಿದ್ದೀರಾ?" ಎಂದರು.

"ಇಲ್ರಿ," ಎಂದೆ. ಏಳು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಆಗ ನಮ್ಮ ವರದಿಯ ಷರತ್ತುಗಳು ನೆನಪಾದವು. ಯಾವ ಪ್ರೂಫೂ ಶೂನ್ಯದಿಂದ ಹುಟ್ಟುವುದಿಲ್ಲ. ಇಂತಿಂಥದ್ದು ನಿಜವಿದ್ದರೆ ಮಾತ್ರ ಎಂದು ಮೊದಲೇ ಕೆಲವು ಷರತ್ತು ಹಾಕಿಕೊಂಡಿರುತ್ತೇವೆ. ನಮ್ಮವು ಆರು, ವರದಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿದ್ದವು. ನಾಲ್ಕನೆಯದನ್ನು ನಾನೇ ಬರೆದಿದ್ದೆ: ಬಳಸುವವರು ಬೀಪ್ ಮುಗಿದ ಮೇಲೆಯೇ ಮುಂದಿನ ಗುಂಡಿ ಒತ್ತುತ್ತಾರೆ. ಕಂಪನಿಯ ಕೈಪಿಡಿಯಲ್ಲಿ ಹಾಗಿತ್ತು, ನಾನು ನಂಬಿದ್ದೆ.

ಸೌಂಡ್ ಬಂದ್ ಮಾಡಿದೆ. "ನೀವು ದಿನಾ ಹೆಂಗ ಒತ್ತತೀರಿ, ಹಂಗ ಒತ್ರಿ." ಲೀನಾ ಪಂಪನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳುಗಳಿಂದ ಚಕಚಕನೆ ಒತ್ತತೊಡಗಿದರು. ಹನ್ನೊಂದನೆಯ ಸಲ ಪರದೆಯ ಮೇಲೆ 75 ಬಂತು. ಶಬ್ದ ನಿಂತಿದ್ದರೂ ಬೀಪಿನಷ್ಟು ಹೊತ್ತು ಕಾಯುವುದನ್ನು ಪಂಪ್ ನಿಲ್ಲಿಸಿರಲಿಲ್ಲ. ಆ ಕ್ಷಣದಲ್ಲಿ ಒತ್ತಿದ ಗುಂಡಿ ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ, ಲಾಗಿಗೂ ಹೋಗುತ್ತಿರಲಿಲ್ಲ. ಲೀನಾ ಪಂಪನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ನೀರು ತರಲು ಹೋದೆ.

ಕಂಪನಿಯವರಿಗೆ ಫೋನ್ ಮಾಡಿದಾಗ ಅಲ್ಲಿನ ಮ್ಯಾನೇಜರ್ ತಣ್ಣಗೆ, "ಷರತ್ತು ವರದಿಯಲ್ಲೇ ಇದೆಯಲ್ಲ? ನೀವು ತಪ್ಪು ಮಾಡಿಲ್ಲ, ನಾವೂ ಮಾಡಿಲ್ಲ," ಎಂದ. ಅದು ನಿಜ. ಆ ಒಂದು ಸಾಲು ಹಿಡಿದುಕೊಂಡು ನಾನು ಆರಾಮವಾಗಿ ಕೈ ತೊಳೆದುಕೊಳ್ಳಬಹುದಿತ್ತು. ಎರಡು ದಿನ ಆ ಆಸೆಯೂ ಇತ್ತು. ಏಳು ವರ್ಷದ ಹೆಸರು, ಇಬ್ಬರು ಕಿರಿಯರ ಮುಂದಿನ ದಾರಿ, ಎಲ್ಲ ಆ ವರದಿಯ ಮೇಲಿತ್ತು. ಆದರೆ ಚುಕ್ಕಿಯಿಲ್ಲದ ಆ 75ನ್ನು ನಾನೇ ಕಣ್ಣಾರೆ ಕಂಡಿದ್ದೆ.

ಫೆಬ್ರುವರಿಯಲ್ಲಿ ವಿಚಾರಣೆ ನಡೆಯಿತು. ಪಂಪನ್ನು ಹೊತ್ತುಕೊಂಡು ಹೋಗಿ, ಸಮಿತಿಯ ಎದುರೇ ಚುಕ್ಕಿ ತಪ್ಪಿಹೋಗುವುದನ್ನು ತೋರಿಸಿದೆ. ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದರು, "ಹಾಗಾದರೆ ನಿಮ್ಮ ಪ್ರೂಫ್ ತಪ್ಪೇ?"

"ಪ್ರೂಫ್ ಸರಿಯಾಗಿದೆ. ಆದರೆ ಅದು ಈ ವಾರ್ಡಿನದಲ್ಲ. ನರ್ಸುಗಳು ಹೇಗೆ ಕೆಲಸ ಮಾಡುತ್ತಾರೆ ಎಂದು ನಾನು ನೋಡದೆ ಬರೆದೆ. ಆ ತಪ್ಪು ನನ್ನದು," ಎಂದೆ.

ಲೀನಾ ಅವರ ಕೆಲಸ ಉಳಿಯಿತು. ಸ್ಕ್ರೀನ್ ನೋಡದ್ದಕ್ಕೆ ಒಂದು ಎಚ್ಚರಿಕೆ ಪತ್ರ ಕೊಟ್ಟರು, ಅವರು ಅದನ್ನು ಮರುಮಾತಿಲ್ಲದೆ ತೆಗೆದುಕೊಂಡರು. ನಾವು ವರದಿಯನ್ನು ಹಿಂದಕ್ಕೆ ಪಡೆದೆವು. ವಿಭಾಗದಲ್ಲಿ ಕೆಲವರು ಕೆಲ ತಿಂಗಳು ನನ್ನೊಂದಿಗೆ ಮಾತು ಕಡಿಮೆ ಮಾಡಿದರು. ಔಷಧ ಹೆಚ್ಚಾಗಿ ಹೋಗಿದ್ದ ಆ ಮುದುಕರು ಮನೆ ಸೇರಿದರು, ಆದರೆ ಮೊದಲಿನ ಹಾಗೆ ನಡೆಯಲಾಗಲಿಲ್ಲವಂತೆ. ಅದಕ್ಕೆ ಯಾವ ತಿದ್ದುಪಡಿಯೂ ಇಲ್ಲ.

ಅಂದಿನಿಂದ ನನ್ನ ವರದಿಗಳಲ್ಲಿ ಷರತ್ತುಗಳು ಮೊದಲ ಪುಟದಲ್ಲೇ, ದೊಡ್ಡಕ್ಷರದಲ್ಲಿ ಇರುತ್ತವೆ. ಆ ಯಂತ್ರವನ್ನು ದಿನವೂ ಮುಟ್ಟುವವರು ಓದಿ ಹೌದೆನ್ನದೆ ಒಂದನ್ನೂ ಕಳಿಸುವುದಿಲ್ಲ. ನೋಡದೆ ನಂಬಿದ್ದನ್ನು ಎಷ್ಟು ಗಣಿತ ಹಚ್ಚಿದರೂ ನಿಜ ಮಾಡಲಾಗದು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಇನ್ನೊಬ್ಬರ ಖರ್ಚಿನಲ್ಲಿ ಕಲಿತೆ.

ಕಂಪನಿ ತಿದ್ದಿದ ಪಂಪ್ ಬಂದಾಗ ಲೀನಾ ನನ್ನನ್ನು ವಾರ್ಡಿಗೆ ಕರೆದರು. ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಕಿಟಕಿಯ ಪರದೆಗಳನ್ನು ಎಳೆದಿದ್ದರು. ಅವರು ಸೌಂಡ್ ಬಂದ್ ಮಾಡಿ, ಹೆಬ್ಬೆರಳುಗಳಿಂದ ಚಕಚಕನೆ ಏಳು, ಚುಕ್ಕಿ, ಐದು ಒತ್ತಿ, ಸ್ಕ್ರೀನ್ ನೋಡಿ, ನನಗೂ ತೋರಿಸಿದರು. ಮೂರೂ ಇದ್ದವು. ಹಾಸಿಗೆಯಲ್ಲಿದ್ದ ಅಜ್ಜಿಗೆ ಎಚ್ಚರವಾಗಲಿಲ್ಲ.